ಶಕುಂತಲಾ ದೇವಿಯವರ 26 ಅಂಕಿಯ ಉತ್ತರ: ಬರೀ ಪೆನ್ಸಿಲ್ ಹಿಡಿದು ಏನೇನು ತಿಳಿಯಬಹುದು?

ಮಗ್ಗಿ ಪುಸ್ತಕ (ಚರ್ಚೆ ಶುರು ಮಾಡಿದವರು)

1980ರ ಜೂನ್ 18. ಲಂಡನ್ನಿನ ಇಂಪೀರಿಯಲ್ ಕಾಲೇಜು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಎರಡು 13 ಅಂಕಿಯ ಸಂಖ್ಯೆಗಳನ್ನು ಆರಿಸಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ ಕೊಟ್ಟರು.

7,686,369,774,870 × 2,465,099,745,779

28 ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ:

18,947,668,177,995,426,462,773,730

ಇದು ಗಿನ್ನೆಸ್ ಪುಸ್ತಕ ಸೇರಿತು. ಈ ಎರಡು ಸಾಲು ನೂರಾರು ಕಡೆ ಅಚ್ಚಾಗಿದೆ. ಆದರೆ ಈ 26 ಅಂಕಿಯ ಸಂಖ್ಯೆಯ ಒಳಗೆ ಏನಿದೆ ಅಂತ ಯಾರಾದರೂ ಕನ್ನಡದಲ್ಲಿ ಬರೆದಿದ್ದನ್ನು ನಾನು ನೋಡಿಲ್ಲ. ಇಲ್ಲಿ ಅದನ್ನೇ ಮಾಡೋಣ ಅನಿಸಿತು.

ಒಂದೇ ಷರತ್ತು. ಕ್ಯಾಲ್ಕುಲೇಟರ್ ಬೇಡ, ಕಂಪ್ಯೂಟರ್ ಬೇಡ. ಪೂರ್ತಿ ಗುಣಿಸುವುದೂ ಬೇಡ. ಕಾಗದ, ಪೆನ್ಸಿಲ್, ಮಗ್ಗಿ ಸಾಕು. ಅಲ್ಪವಿರಾಮವನ್ನು ಲಕ್ಷ, ಕೋಟಿಯ ಲೆಕ್ಕದಲ್ಲಿ ಹಾಕದೆ ಮೂರು ಮೂರು ಅಂಕಿಗೆ ಹಾಕಿದ್ದೇನೆ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲನೆಯದನ್ನು ನಾನೇ ಮಾಡುತ್ತೇನೆ. ಕೊನೆಯ ಮೂರು ಅಂಕಿಗಳನ್ನು ಮಾತ್ರ ಗುಣಿಸಿ: 870 × 779 = 677,730. ಕೊನೆಯಲ್ಲಿ 730 ಬಂತು. ಉತ್ತರದ ಕೊನೆಯಲ್ಲೂ 730 ಇದೆ. ಮುಂದಿನದು ನಿಮ್ಮದು.

ಸೆಕೆಂಡ್ ಪಿಯುಸಿ

ನಾನು 9ರ ಪರೀಕ್ಷೆ ಮಾಡಿದೆ. ಮೊದಲನೇ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 78. ಮತ್ತೆ 7 + 8 = 15, 1 + 5 = 6. ಎರಡನೆಯದು 74, ಅದು 11, ಅದು 2. 6 × 2 = 12, ಅಂದರೆ 3. ಉತ್ತರದ ಅಂಕಿಗಳ ಮೊತ್ತ 138. ಅದು 12, ಅದು 3. ತಾಳೆ ಆಯಿತು!

ಹಾಗಾದರೆ ಉತ್ತರ ಸರಿ ಅಂತ ಸಿದ್ಧವಾಯಿತು ಅಲ್ವಾ?

ಹಳೇ ಲೆಜರ್

ಇಲ್ಲ ಮಗು, ಅಷ್ಟು ಬೇಗ ನಂಬಬೇಡ. ನಾನು ಬ್ಯಾಂಕಿನಲ್ಲಿ ಕೈಬರಹದ ಲೆಜರ್ ಇದ್ದ ಕಾಲದವನು. ಸಂಜೆ ಟ್ಯಾಲಿ ಆಗದಿದ್ದಾಗ ಮೊದಲು ನೋಡುತ್ತಿದ್ದದ್ದೇ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಅಂತ. ಭಾಗವಾದರೆ ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿದ್ದಾರೆ ಅಂತ ಅನುಮಾನ ಪಡುತ್ತಿದ್ದೆವು. 5,340 ಅನ್ನು 5,430 ಅಂತ ಬರೆದರೆ ವ್ಯತ್ಯಾಸ 90. ಯಾವ ಎರಡು ಪಕ್ಕದ ಅಂಕಿ ಜಾಗ ಬದಲಿಸಿದರೂ ವ್ಯತ್ಯಾಸ 9ರ ಮಡಿಯೇ.

ಇದರ ಇನ್ನೊಂದು ಮುಖ ನೋಡು. ಅದಲುಬದಲು ತಪ್ಪನ್ನು 9ರ ಪರೀಕ್ಷೆ ಹಿಡಿಯುವುದೇ ಇಲ್ಲ. ಅಂಕಿಗಳ ಮೊತ್ತ ಬದಲಾಗದಲ್ಲ! ಉತ್ತರದಲ್ಲಿ 773 ಇರುವ ಜಾಗದಲ್ಲಿ 737 ಅಂತ ಇದ್ದಿದ್ದರೂ ನಿನಗೆ 138 ಬರುತ್ತಿತ್ತು, ನೀನು ತಾಳೆ ಅನ್ನುತ್ತಿದ್ದೆ.

ನಿವೃತ್ತ ಮೇಷ್ಟ್ರು

ಲೆಜರ್ ಸ್ವಾಮಿಗಳು ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ. ಅದಕ್ಕೆ ಮದ್ದು 11ರ ಪರೀಕ್ಷೆ.

ಮೊದಲು ಇದು ಯಾಕೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ, ಏಕೆಂದರೆ ಶಾಲೆಯಲ್ಲಿ ನಿಯಮ ಹೇಳಿ ಬಿಟ್ಟುಬಿಡುತ್ತಾರೆ. 10ನ್ನು 9ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 100, 1000, ಎಲ್ಲಕ್ಕೂ ಶೇಷ 1. ಪ್ರತಿ ಅಂಕಿ ತಾನು ಎಲ್ಲಿ ಕೂತಿದ್ದರೂ ಅಷ್ಟೇ ತೂಗುತ್ತದೆ. ಅದಕ್ಕೇ ಅಂಕಿಗಳನ್ನು ಕೂಡಿದರೆ ಸಾಕು. ಅದಕ್ಕೇ ಜಾಗ ಬದಲಿಸಿದರೂ ಗೊತ್ತಾಗುವುದಿಲ್ಲ.

11ರಲ್ಲಿ ಹಾಗಲ್ಲ. 10 ಅಂದರೆ 11ಕ್ಕೆ ಒಂದು ಕಡಿಮೆ. ಶೇಷವನ್ನು −1 ಅಂತ ಇಟ್ಟುಕೊಳ್ಳಿ. 100ಕ್ಕೆ +1, 1000ಕ್ಕೆ −1. ಬಲಗಡೆಯಿಂದ ಒಂದು ಅಂಕಿ ಕೂಡಬೇಕು, ಮುಂದಿನದು ಕಳೆಯಬೇಕು. ಪಕ್ಕದ ಅಂಕಿಗಳು ಜಾಗ ಬದಲಿಸಿದರೆ ಚಿಹ್ನೆಯೂ ಬದಲಾಗುತ್ತದೆ. ತಪ್ಪು ಸಿಕ್ಕಿಬೀಳುತ್ತದೆ.

ಎರಡನೇ ಸಂಖ್ಯೆ 2,465,099,745,779 ಮಾಡಿ ನೋಡಿದೆ. ಬಲದಿಂದ 1, 3, 5ನೇ ಹೀಗೆ ಬೆಸ ಸ್ಥಾನದ ಅಂಕಿಗಳು: 9 + 7 + 4 + 9 + 0 + 6 + 2 = 37. ಸಮ ಸ್ಥಾನದವು: 7 + 5 + 7 + 9 + 5 + 4 = 37. ವ್ಯತ್ಯಾಸ ಸೊನ್ನೆ! ಅಂದರೆ ಇದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಹಾಗಿದ್ದ ಮೇಲೆ ಮೊದಲನೇ ಸಂಖ್ಯೆ ಏನೇ ಇರಲಿ, ಗುಣಲಬ್ಧವೂ 11ರಿಂದ ಭಾಗವಾಗಲೇಬೇಕು. ಪಿಯುಸಿ ಅವರೇ, 26 ಅಂಕಿಯದನ್ನು ನೀವು ಮಾಡಿ ಹೇಳಿ.

ಸೆಕೆಂಡ್ ಪಿಯುಸಿ

ಮಾಡಿದೆ ಸರ್. ಬೆಸ ಸ್ಥಾನ: 0 + 7 + 7 + 2 + 4 + 2 + 5 + 9 + 7 + 8 + 6 + 4 + 8 = 69.

ಸಮ ಸ್ಥಾನ: 3 + 3 + 7 + 6 + 6 + 4 + 9 + 7 + 1 + 6 + 7 + 9 + 1 = 69.

69 ಮತ್ತು 69! ಎರಡನೇ ಸಲ ಕೂಡಿ ನೋಡಿದೆ, ಅದೇ ಬಂತು. ಇಷ್ಟು ದೊಡ್ಡ ಸಂಖ್ಯೆ ಹೀಗೆ ಸರಿಯಾಗಿ ಎರಡು ಪಾಲಾಗಿದ್ದು ನೋಡಿ ತುಂಬಾ ಖುಷಿ ಆಯಿತು.

ಹುಬ್ಬಳ್ಳಿ ಕೋಡರ್

ಇದನ್ನೆಲ್ಲ ಪೈಥಾನ್‌ನಲ್ಲಿ ಒಂದು ಸಾಲು ಬರೆದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಷರತ್ತು ಯಾಕೆ ಅಂತ ಅರ್ಥ ಆಗಲಿಲ್ಲ. ಸರಿ ಇದೆಯೋ ಇಲ್ಲವೋ ಅಂತ ತಿಳಿಯುವುದೇ ಉದ್ದೇಶ ಆಗಿದ್ದರೆ ಇಷ್ಟು ಕಷ್ಟ ಬೇಕಾ?

ಮಗ್ಗಿ ಪುಸ್ತಕ

ಸರಿ ಇದೆ ಅಂತ ತಿಳಿಯುವುದಷ್ಟೇ ಉದ್ದೇಶ ಅಲ್ಲ ಬ್ರದರ್. ಪೈಥಾನ್ "ಹೌದು" ಅನ್ನುತ್ತದೆ. ಎರಡನೇ ಸಂಖ್ಯೆಯಲ್ಲಿ 11 ಅಡಗಿದೆ, ಅದಕ್ಕೇ ಉತ್ತರದಲ್ಲಿ 69ಕ್ಕೆ 69 ಬಂತು ಅಂತ ಅದು ತಾನಾಗಿ ಹೇಳುವುದಿಲ್ಲ. ಕೈಯಲ್ಲಿ ಮಾಡಿದ್ದಕ್ಕೇ ಅದು ಕಣ್ಣಿಗೆ ಬಿತ್ತು. ನನಗೆ ಬೇಕಾದದ್ದು ಅದು.

ಎಂಎಸ್ಸಿ ಮೇಡಂ

ನಾನೂ ಸೇರುತ್ತೇನೆ. ಅಲ್ಪವಿರಾಮ ಮೂರು ಮೂರಕ್ಕೆ ಹಾಕಿದ್ದು ಈಗ ಕೆಲಸಕ್ಕೆ ಬರುತ್ತದೆ.

10ರ ಬದಲು 1000 ತಗೊಳ್ಳಿ. ಅದರ ಎಡಕ್ಕೆ 999, ಬಲಕ್ಕೆ 1001. 9ಕ್ಕೂ 11ಕ್ಕೂ ಮಾಡಿದ್ದನ್ನೇ ಇಲ್ಲಿ ಮೂರು ಅಂಕಿಯ ಗುಂಪುಗಳಿಗೆ ಮಾಡಬೇಕು. 999ಕ್ಕೆ ಗುಂಪುಗಳನ್ನು ಕೂಡುವುದು. 1001ಕ್ಕೆ ಒಂದು ಕೂಡಿ ಒಂದು ಕಳೆಯುವುದು.

ಮೊದಲು 999.
7 + 686 + 369 + 774 + 870 = 2,706. ಮತ್ತೆ 2 + 706 = 708.
2 + 465 + 99 + 745 + 779 = 2,090. ಮತ್ತೆ 2 + 90 = 92.
708 × 92 = 65,136. ಮತ್ತೆ 65 + 136 = 201.
ಉತ್ತರದ ಗುಂಪುಗಳು: 18 + 947 + 668 + 177 + 995 + 426 + 462 + 773 + 730 = 5,196. ಮತ್ತೆ 5 + 196 = 201. ತಾಳೆ.

ಈಗ 1001. ಬಲದಿಂದ ಶುರು.
870 − 774 + 369 − 686 + 7 = −214.
779 − 745 + 99 − 465 + 2 = −330.
ಋಣಕ್ಕೆ ಋಣ ಗುಣಿಸಿದರೆ ಧನ: 70,620. ಇದರಲ್ಲಿ 1001ರ 70 ಮಡಿ, ಅಂದರೆ 70,070 ತೆಗೆದರೆ 550.
ಉತ್ತರದಲ್ಲಿ: 730 − 773 + 462 − 426 + 995 − 177 + 668 − 947 + 18 = 550.

ನೇರವಾಗಿ 550! 1001 = 7 × 11 × 13 ಆದ್ದರಿಂದ ಒಂದೇ ಏಟಿಗೆ ಮೂರು ವಿಷಯ ಗೊತ್ತಾಯಿತು. 550 ಅನ್ನು 11 ಭಾಗಿಸುತ್ತದೆ. 7 ಮತ್ತು 13 ಭಾಗಿಸುವುದಿಲ್ಲ, ಎರಡಕ್ಕೂ ಶೇಷ 4.

ಹುಬ್ಬಳ್ಳಿ ಕೋಡರ್

ಓಹ್, ಇದು ಚೆನ್ನಾಗಿದೆ. ಇದನ್ನೇ ನಾವು ಚೆಕ್‌ಸಮ್ ಅನ್ನುತ್ತೇವೆ. ಒಂದು ಪ್ರಶ್ನೆ ಮೇಡಂ. 1000, 999, 1001, ಮೂರಕ್ಕೂ ಪಾಸ್ ಆಯಿತು. ಈಗ ಎಷ್ಟು ಖಚಿತ?

ಎಂಎಸ್ಸಿ ಮೇಡಂ

ಈ ಮೂರಕ್ಕೂ ಪರಸ್ಪರ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಶಕುಂತಲಾ ದೇವಿಯವರ ಉತ್ತರ ತಪ್ಪಾಗಿದ್ದರೆ ಅದು ಸರಿ ಉತ್ತರಕ್ಕಿಂತ 999 × 1000 × 1001ರ ಮಡಿಯಷ್ಟೇ ಆಚೀಚೆ ಇರಬೇಕು. ಆ ಗುಣಲಬ್ಧ 999,999,000. ಹತ್ತಿರ ಹತ್ತಿರ ನೂರು ಕೋಟಿ. ಯಾರೋ ಅಂದಾಜಿನಲ್ಲಿ ಹೇಳಿದ ತಪ್ಪು ಸಂಖ್ಯೆ ಈ ಜರಡಿಯಿಂದ ಪಾರಾಗಲು ನೂರು ಕೋಟಿಗೆ ಒಂದು ಅವಕಾಶ.

ಎಡಗಡೆಯನ್ನೂ ನೋಡಿಬಿಡೋಣ. 7.68637 × 2.4651 ಮಾಡಿದರೆ ಸುಮಾರು 18.9477. ಉತ್ತರ 18,947 ಅಂತಲೇ ಶುರುವಾಗಿದೆ.

ಇದು ಪೂರ್ತಿ ಸಾಧನೆ ಅಲ್ಲ. ಪೂರ್ತಿ ಸಾಧನೆಗೆ ಗುಣಿಸಲೇಬೇಕು. ಆದರೆ ಇಷ್ಟಾದ ಮೇಲೆ ನನ್ನ ಮನಸ್ಸಿನಲ್ಲಿ ಅನುಮಾನ ಉಳಿದಿಲ್ಲ.

ನಿವೃತ್ತ ಮೇಷ್ಟ್ರು

ಮೇಡಂ, 999 ಮತ್ತು 1001 ಅಂದಾಗ ನನಗೆ ಮಹಾವೀರಾಚಾರ್ಯರು ನೆನಪಾದರು. ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಆದರೆ ದಾರಿ ತಪ್ಪುವುದಿಲ್ಲ.

999 × 1001 = 999,999. ಇದನ್ನು 9ರಿಂದ ಭಾಗಿಸಿದರೆ 111,111. ಇದರ ಅಪವರ್ತನಗಳು 3 × 7 × 11 × 13 × 37. ಈಗ 111,111 ಅನ್ನು ಅದರಿಂದಲೇ ಗುಣಿಸಿ: 12,345,654,321.

ರಾಷ್ಟ್ರಕೂಟರ ನೃಪತುಂಗ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಈ ಸಂಖ್ಯೆಯನ್ನು ಹೇಳಿದ್ದಾರೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅದರ ವರ್ಣನೆ. ಆ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಅವರು ಹಾರಕ್ಕೆ ಹೋಲಿಸಿದರು.

ಗುಣಾಕಾರ ಹೀಗಿದೆ: 27,994,681 × 441. ಸುಮ್ನೆ ನೋಡಿದರೆ ಏನೂ ಗೊತ್ತಾಗದು. ಬಿಡಿಸಿದರೆ 441 ಅಂದರೆ 21ರ ವರ್ಗ, 21 ಅಂದರೆ 3 × 7. ಇನ್ನೊಂದು 5,291ರ ವರ್ಗ, 5,291 ಅಂದರೆ 11 × 13 × 37. ನಾವು ಈಗ ಜರಡಿಯಾಗಿ ಬಳಸಿದ ಅವೇ ಅವಿಭಾಜ್ಯಗಳು! 111,111 ಅನ್ನು ಎರಡು ಪಾಲು ಮಾಡಿ, ಎರಡನ್ನೂ ವರ್ಗ ಮಾಡಿದರೆ ಆ ಲೆಕ್ಕ ಸಿಗುತ್ತದೆ. ಎಲ್ಲಿ ಒಡೆಯಬೇಕು ಅಂತ ಗೊತ್ತಿಲ್ಲದವರಿಗೆ ಈ ಜೋಡಿ ಹೊಳೆಯುವುದು ಕಷ್ಟ.

ಮಗ್ಗಿ ಪುಸ್ತಕ

ಮೇಷ್ಟ್ರೇ, ಇದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಕೈಮುಗಿದೆ.

ಈಗ 26 ಅಂಕಿಯದನ್ನು ಒಡೆಯೋಣ. ಇಲ್ಲೊಂದು ಅನುಕೂಲ ಇದೆ. ಅದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಅಂತ ನಮಗೆ ಗೊತ್ತು. ಅವೆರಡನ್ನು ಒಡೆದರೆ ಸಾಕು.

ಮೊದಲನೆಯದು ಸೊನ್ನೆಯಲ್ಲಿ ಮುಗಿಯುತ್ತದೆ, ಅಂಕಿಗಳ ಮೊತ್ತ 78. ಹಾಗಾಗಿ 2, 5, 3 ಹೊರಗೆ ಬಂದವು. ಉಳಿದದ್ದು 256,212,325,829.
ಎರಡನೆಯದರಲ್ಲಿ 11 ಹೊರಗೆ. ಉಳಿದದ್ದು 224,099,976,889.

ಈ ಎರಡನ್ನೂ 100ರ ಒಳಗಿನ ಎಲ್ಲಾ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ. ಮೂರು ಮೂರು ಅಂಕಿ ತಗೊಂಡು ಶೇಷ ಎಳೆದುಕೊಂಡು ಹೋಗುವುದು, ಅಷ್ಟೇ. ಒಂದೂ ಹೋಗಲಿಲ್ಲ. ತೀರಾ ಹತ್ತಿರ ಬಂದದ್ದು ಎರಡು ಸಲ. ಮೊದಲನೆಯದನ್ನು 17ರಿಂದ ಭಾಗಿಸಿದಾಗ ಶೇಷ 1. ಎರಡನೆಯದನ್ನು 23ರಿಂದ ಭಾಗಿಸಿದಾಗಲೂ ಶೇಷ 1.

ಅಂದರೆ 100ರ ಒಳಗಿನ 25 ಅವಿಭಾಜ್ಯಗಳಲ್ಲಿ ನಮ್ಮ ದೊಡ್ಡ ಸಂಖ್ಯೆಯನ್ನು ಭಾಗಿಸುವುದು 2, 3, 5, 11 ಮಾತ್ರ. ಅವೂ ಒಂದೊಂದೇ ಸಲ.

ಎಂಎಸ್ಸಿ ಮೇಡಂ

"ಒಂದೊಂದೇ ಸಲ" ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಲ್ಲಿಂದಲೇ ಎಷ್ಟೊಂದು ಹೊರಡುತ್ತದೆ ನೋಡಿ.

ಇದು ಪೂರ್ಣವರ್ಗ ಅಲ್ಲ, ಪೂರ್ಣಘನವೂ ಅಲ್ಲ, ಯಾವ ಘಾತವೂ ಅಲ್ಲ. 2 ಒಂದೇ ಸಲ ಇದೆಯಲ್ಲ.

ಇದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಆಗುವುದಿಲ್ಲ. ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಒಂದರಿಂದ ಇನ್ನೊಂದನ್ನು ಕಳೆದರೆ 0, 1 ಅಥವಾ 3 ಬರಬಹುದು, 2 ಬರಲು ಸಾಧ್ಯವೇ ಇಲ್ಲ. ನಮ್ಮದು 30ರಲ್ಲಿ ಮುಗಿಯುತ್ತದೆ, 4ರಿಂದ ಶೇಷ 2.

ಎರಡು ವರ್ಗಗಳ ಮೊತ್ತವಾಗಿ ಬರೆಯಲೂ ಆಗುವುದಿಲ್ಲ.

ಸೆಕೆಂಡ್ ಪಿಯುಸಿ

ಮೇಡಂ, ವ್ಯತ್ಯಾಸದ್ದು ಅರ್ಥ ಆಯಿತು. ಮೊತ್ತದ್ದು ಹೇಗೆ? 26 ಅಂಕಿ ಅಂದರೆ ಪರೀಕ್ಷಿಸಬೇಕಾದ ವರ್ಗಗಳೇ ಲಕ್ಷ ಕೋಟಿಗಟ್ಟಲೆ ಇರುತ್ತವೆ. ಹುಡುಕದೆ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಎಂಎಸ್ಸಿ ಮೇಡಂ

3 ಸಾಕು. ಯಾವ ವರ್ಗವನ್ನಾದರೂ 3ರಿಂದ ಭಾಗಿಸು. ಶೇಷ 0 ಅಥವಾ 1, 2 ಬರುವುದಿಲ್ಲ. ಎರಡು ವರ್ಗ ಕೂಡಿದಾಗ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡಕ್ಕೂ ಶೇಷ 0 ಇರಲೇಬೇಕು. 1 + 0 ಆಗದು, 1 + 1 ಆಗದು. ಅಂದರೆ ಎರಡೂ ವರ್ಗಗಳನ್ನು 3 ಭಾಗಿಸುತ್ತದೆ. ವರ್ಗವನ್ನು 3 ಭಾಗಿಸಿದರೆ 9 ಕೂಡ ಭಾಗಿಸುತ್ತದೆ. ಹಾಗಾಗಿ ಮೊತ್ತವನ್ನೂ 9 ಭಾಗಿಸಬೇಕು.

ನೀನೇ ಕೂಡಿದ 138 ನೆನಪಿದೆಯಲ್ಲ? ಅದನ್ನು 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಮುಗಿಯಿತು. ಒಂದು ವರ್ಗವನ್ನೂ ಹುಡುಕಬೇಕಾಗಿಲ್ಲ.

ಮೂರು ವರ್ಗಗಳ ಮೊತ್ತವಾಗಿ ಮಾತ್ರ ಖಂಡಿತ ಬರೆಯಬಹುದು. ಲೆಜಾಂಡ್ರ್ ಸಾಧಿಸಿದ ಪ್ರಮೇಯ ಹೇಳುವುದು ಹೀಗೆ: 4 ಎಷ್ಟು ಸಲ ಹೋಗುತ್ತದೋ ಅಷ್ಟು ಸಲ ಭಾಗಿಸಿ ತೆಗೆದ ಮೇಲೆ, 8ರಿಂದ ಶೇಷ 7 ಬರುವ ಸಂಖ್ಯೆಗಳಿಗೆ ಮಾತ್ರ ಅದು ಅಸಾಧ್ಯ. ನಮ್ಮದರಲ್ಲಿ 4 ಒಂದು ಸಲವೂ ಹೋಗುವುದಿಲ್ಲ, 730 ಅನ್ನು 8ರಿಂದ ಭಾಗಿಸಿದರೆ ಶೇಷ 2. ಆ ಮೂರು ವರ್ಗಗಳು ಯಾವುವು ಅಂತ ಮಾತ್ರ ಪ್ರಮೇಯ ಹೇಳುವುದಿಲ್ಲ.

ಇನ್ನೊಂದು ಸಣ್ಣದು. ಭಾಜಕಗಳು ಕನಿಷ್ಠ 64. 2, 3, 5, 11 ಸೇರಿ 16 ಕೊಡುತ್ತವೆ. ಉಳಿದ ಎರಡು ದೊಡ್ಡ ತುಂಡುಗಳು ಸೇರಿ ಕನಿಷ್ಠ 4.

ಡಲ್ಲಾಸ್ ಕನ್ನಡಿಗ

ನಮಸ್ಕಾರ ಎಲ್ಲರಿಗೂ. ನಾನಿರುವ ಊರಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲೇ 1977ರಲ್ಲಿ ಶಕುಂತಲಾ ದೇವಿಯವರು 201 ಅಂಕಿಯ ಸಂಖ್ಯೆಯ 23ನೇ ಮೂಲ ಹೇಳಿದ್ದು. 50 ಸೆಕೆಂಡಿನಲ್ಲಿ. ಉತ್ತರ 546,372,891. ಯೂನಿವ್ಯಾಕ್ ಕಂಪ್ಯೂಟರಿನಲ್ಲಿ ಇದಕ್ಕೆಂದೇ ಪ್ರೋಗ್ರಾಂ ಬರೆದು ತಾಳೆ ನೋಡಿದರು. ಆ 201 ಅಂಕಿಯ ಸಂಖ್ಯೆ 9167 ಅಂತ ಶುರುವಾಗಿ 771ರಲ್ಲಿ ಮುಗಿಯುತ್ತದೆ. ಅದಕ್ಕೂ ಪೆನ್ಸಿಲ್ ಹಚ್ಚಬಹುದಾ?

ಸೆಕೆಂಡ್ ಪಿಯುಸಿ

ಎಲ್ಲರೂ 546372891 ಅನ್ನು ಒಮ್ಮೆ ನಿಧಾನವಾಗಿ ನೋಡಿ! 1ರಿಂದ 9ರವರೆಗಿನ ಎಲ್ಲಾ ಅಂಕಿಗಳೂ ಇವೆ. ಒಂದೊಂದೇ ಸಲ!

ಮೊತ್ತ 45. ಹಾಗಾಗಿ 9ರಿಂದ ಭಾಗವಾಗುತ್ತದೆ.

ನಿವೃತ್ತ ಮೇಷ್ಟ್ರು

ಭೇಷ್. ಇನ್ನೂ ಒಂದು ಹೆಜ್ಜೆ ಹೋಗು. 9ರಿಂದ ಭಾಗಿಸಿದರೆ 60,708,099. ಇದರ ಮೊತ್ತ 39. ಇನ್ನೊಂದು 3 ಹೊರಗೆ ಬರುತ್ತದೆ, ಸಿಗುವುದು 20,236,033. ಇದರ ಮೊತ್ತ 19, ಅಲ್ಲಿಗೆ 3 ನಿಂತಿತು. ಅಂದರೆ ಮೂಲದಲ್ಲಿ 3 ಮೂರು ಸಲ ಇದೆ. 23ನೇ ಘಾತದಲ್ಲಿ 69 ಸಲ. 201 ಅಂಕಿಯ ಸಂಖ್ಯೆಯ ಒಂದಂಕಿಯನ್ನೂ ಮುಟ್ಟದೆ ಇದು ಗೊತ್ತಾಯಿತು.

ಎಂಎಸ್ಸಿ ಮೇಡಂ

23 ಅನ್ನುವ ಸಂಖ್ಯೆಯೇ ಇಲ್ಲಿ ಮುಖ್ಯ. ಮೊದಲು ಸುಲಭದ್ದು. 10ರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವುದೇ ಸಂಖ್ಯೆಯ 20ನೇ ಘಾತ 01ರಲ್ಲಿ ಮುಗಿಯುತ್ತದೆ. ಹಾಗಾಗಿ 23ನೇ ಘಾತದ ಕೊನೆಯ ಎರಡು ಅಂಕಿಯೂ ಘನದ ಕೊನೆಯ ಎರಡು ಅಂಕಿಯೂ ಒಂದೇ. ದೊಡ್ಡ ಸಂಖ್ಯೆ 71ರಲ್ಲಿ ಮುಗಿಯುತ್ತದೆ. ಘನ 71ರಲ್ಲಿ ಮುಗಿಯಬೇಕಾದರೆ ಸಂಖ್ಯೆ 91ರಲ್ಲಿ ಮುಗಿಯಬೇಕು, ಬೇರೆ ದಾರಿಯಿಲ್ಲ. 91 × 91 × 91 = 753,571. ಮೂಲದ ಕೊನೆಯ ಎರಡು ಅಂಕಿ ಸಿಕ್ಕೇಬಿಟ್ಟವು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 23ರ ಎರಡರಷ್ಟಕ್ಕೆ ಒಂದು ಸೇರಿಸಿದರೆ 47, ಅದೂ ಅವಿಭಾಜ್ಯ. ಫರ್ಮಾನ ಪ್ರಮೇಯದ ಪ್ರಕಾರ 47 ಭಾಗಿಸದ ಯಾವ ಸಂಖ್ಯೆಯ 46ನೇ ಘಾತಕ್ಕೂ 47ರಿಂದ ಶೇಷ 1. 23 ಅಂದರೆ 46ರ ಅರ್ಧ. ಹಾಗಾಗಿ 23ನೇ ಘಾತವನ್ನು ವರ್ಗ ಮಾಡಿದರೆ ಶೇಷ 1. ಅಂದರೆ 23ನೇ ಘಾತದ ಶೇಷ 1 ಅಥವಾ −1. ಜಗತ್ತಿನ ಯಾವ ಪೂರ್ಣಸಂಖ್ಯೆಯ 23ನೇ ಘಾತವನ್ನಾದರೂ 47ರಿಂದ ಭಾಗಿಸಿ. ಶೇಷ 0, 1, 46, ಈ ಮೂರರಲ್ಲಿ ಒಂದು. ಬೇರೆ ಬರುವುದೇ ಇಲ್ಲ.

ನಮ್ಮದರಲ್ಲಿ ಯಾವುದು? 546,372,891 ಅನ್ನು 47ರಿಂದ ಭಾಗಿಸಿದೆ, ಶೇಷ 6. 100 ಅನ್ನು 47ರಿಂದ ಭಾಗಿಸಿದರೂ ಶೇಷ 6. 100 ಅಂದರೆ 10ರ ವರ್ಗ. ಹಾಗಾಗಿ ನಮ್ಮ 23ನೇ ಘಾತದ ಶೇಷವೂ 10ರ 46ನೇ ಘಾತದ ಶೇಷವೂ ಒಂದೇ. ಅದು 1.

ಡಲ್ಲಾಸಿನಲ್ಲಿ ಆ 201 ಅಂಕಿಯನ್ನು ಬೋರ್ಡಿನ ಮೇಲೆ ಬರೆಯುವಾಗ ಯಾರಾದರೂ ಒಂದು ಅಂಕಿ ತಪ್ಪಿದ್ದರೆ 47ರಿಂದ ಶೇಷ ಖಂಡಿತ 1 ಬರುತ್ತಿರಲಿಲ್ಲ.

ಹಳೇ ಲೆಜರ್

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೊನೆಯ ಎರಡು ಅಂಕಿ ಹೀಗೆ ಸುಲಭವಾಗಿ ಸಿಗುವುದಾದರೆ ಶಕುಂತಲಾ ದೇವಿಯವರು ಮಾಡಿದ್ದು ಉಪಾಯವೇ? ನಾವು ಚಿಕ್ಕಂದಿನಿಂದ ಅವರನ್ನು ದೇವರ ಹಾಗೆ ನೋಡಿದವರು.

ಎಂಎಸ್ಸಿ ಮೇಡಂ

ಎರಡನ್ನೂ ಬೇರೆ ಬೇರೆ ತೂಗಬೇಕು ಸರ್. ಮೂಲ ಹುಡುಕುವುದರಲ್ಲಿ ಸಂಖ್ಯೆಯ ಸ್ವಭಾವ ನಮ್ಮ ಕಡೆ ಇರುತ್ತದೆ. ಉತ್ತರ ಪೂರ್ಣಸಂಖ್ಯೆ ಅಂತ ಮೊದಲೇ ಗೊತ್ತು. 201 ಅಂಕಿಯ 23ನೇ ಘಾತ ಅಂದರೆ ಮೂಲಕ್ಕೆ 9 ಅಂಕಿ, ಅದೂ ಗೊತ್ತು. ಬಲಗಡೆಯ ಅಂಕಿಗಳು ಬಲಗಡೆಯಿಂದ, ಎಡಗಡೆಯವು ಲಾಗರಿದಮ್‌ನಿಂದ ಸಿಗುತ್ತವೆ. ಅವರು ಯಾವ ದಾರಿ ಹಿಡಿದರು ಅಂತ ನಾನು ಹೇಳುತ್ತಿಲ್ಲ, ದಾರಿ ಇದೆ ಅಂತ ಮಾತ್ರ ಹೇಳುತ್ತಿದ್ದೇನೆ.

ಸಣ್ಣ ಉದಾಹರಣೆ ನೋಡಿ. 1988ರಲ್ಲಿ ಬರ್ಕ್ಲಿಯ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದರು. 61,629,875ರ ಘನಮೂಲ ಕೇಳಿದಾಗ, ಅದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವಷ್ಟರಲ್ಲಿ 395 ಅಂತ ಉತ್ತರ ಬಂದಿತ್ತಂತೆ. 39ರ ಘನ 59,319, 40ರ ಘನ 64,000. ಮೊದಲ ಐದು ಅಂಕಿ 61,629 ಇವೆರಡರ ನಡುವೆ ಇದೆ, ಆದ್ದರಿಂದ 39. ಕೊನೆಗೆ 5 ಇರುವ ಘನಕ್ಕೆ ಮೂಲದ ಕೊನೆಯೂ 5. ದಾರಿ ಗೊತ್ತಿದ್ದರೆ ನಾವೂ ಮಾಡಬಹುದು, ಆ ವೇಗದಲ್ಲಿ ಅಲ್ಲ.

ಗುಣಾಕಾರದಲ್ಲಿ ಇಂಥ ಸಹಾಯ ಯಾವುದೂ ಇಲ್ಲ. ಎರಡೂ ಸಂಖ್ಯೆಗಳಲ್ಲಿ ಸೊನ್ನೆ ಬಿಟ್ಟರೆ 12, 12 ಅಂಕಿ. 144 ಬಿಡಿ ಗುಣಾಕಾರ, ಅವುಗಳ ದಶಕಗಳನ್ನೆಲ್ಲ ನೆನಪಿಟ್ಟುಕೊಂಡು ಕೂಡುವುದು, 28 ಸೆಕೆಂಡಿನಲ್ಲಿ. ಸೆಕೆಂಡಿಗೆ ಐದಕ್ಕಿಂತ ಜಾಸ್ತಿ. ನಾವು ಇಲ್ಲಿ ಮಾಡಿದ್ದೆಲ್ಲ ಉತ್ತರ ಕೈಯಲ್ಲಿದ್ದ ಮೇಲೆ. 9, 11, 999, ಯಾವುದೂ ಉತ್ತರವನ್ನು ಹುಟ್ಟಿಸುವುದಿಲ್ಲ. ನನ್ನ ಮಟ್ಟಿಗೆ 1980ರದ್ದೇ ದೊಡ್ಡದು.

ನಿವೃತ್ತ ಮೇಷ್ಟ್ರು

ಒಪ್ಪಿದೆ. 23ನೇ ಮೂಲದ ಸುದ್ದಿ ಜಾಸ್ತಿ ಹೆಸರಾಯಿತು, 201 ಅಂಕಿ ಅನ್ನುವ ಕಾರಣಕ್ಕೆ. ನಾನು ಪಾಠ ಹೇಳುವಾಗ ಯಾವಾಗಲೂ 13 × 13 ಅಂಕಿಯ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಮಕ್ಕಳಿಗೆ ಅದರ ಭಾರ ತಾನಾಗಿ ಗೊತ್ತಾಗುತ್ತಿತ್ತು.

ಹುಬ್ಬಳ್ಳಿ ಕೋಡರ್

ಷರತ್ತು ಮುರಿಯದೆ ಒಂದು ಕೇಳಲಾ? 256,212,325,829 ಅವಿಭಾಜ್ಯವೋ ಅಲ್ಲವೋ ಅಂತ ಕೈಯಲ್ಲಿ ತೀರ್ಮಾನ ಮಾಡಬಹುದಾ?

ಎಂಎಸ್ಸಿ ಮೇಡಂ

ಭಾಗಿಸುತ್ತಾ ಹೋದರೆ ಅದರ ವರ್ಗಮೂಲದವರೆಗೆ ಹೋಗಬೇಕು. ಅದು 5 ಲಕ್ಷದ ಮೇಲೆ. 5 ಲಕ್ಷದ ಒಳಗೆ ಅವಿಭಾಜ್ಯಗಳು 41,538. ನಾವು ಮುಗಿಸಿದ್ದು 25. ಫರ್ಮಾನ ಪ್ರಮೇಯ ಹಿಡಿದು ಇನ್ನೊಂದು ದಾರಿ ಇದೆ: 2ನ್ನು ಸತತವಾಗಿ ವರ್ಗ ಮಾಡುತ್ತಾ ಶೇಷ ತೆಗೆಯುವುದು. ಸುಮಾರು 40 ಸಲ ವರ್ಗ ಮಾಡಬೇಕು, ಪ್ರತಿ ಸಲವೂ 12 ಅಂಕಿಯ ಸಂಖ್ಯೆ. ಕೊನೆಗೆ 1 ಬರದಿದ್ದರೆ ಅವಿಭಾಜ್ಯ ಅಲ್ಲ ಅಂತ ಖಚಿತ, ಅಪವರ್ತನ ಯಾವುದು ಅಂತ ಗೊತ್ತಿಲ್ಲದೆಯೇ. 1 ಬಂದರೆ ಮಾತ್ರ ಖಚಿತ ಅಲ್ಲ, ಇನ್ನೂ ಕೆಲಸ ಇರುತ್ತದೆ. ತಾಳ್ಮೆ ಇರುವವರಿಗೆ ಒಂದು ದೊಡ್ಡ ರಜೆಯ ಕೆಲಸ.

ಸೆಕೆಂಡ್ ಪಿಯುಸಿ

ಪರೀಕ್ಷೆ ಮುಗಿದ ಮೇಲೆ ನಾನು ಶುರು ಮಾಡುತ್ತೇನೆ ಮೇಡಂ. ಸದ್ಯಕ್ಕೆ 101 ಮಾಡಿದೆ. 100ಕ್ಕೆ 101ರಿಂದ ಶೇಷ −1 ಅಲ್ವಾ, ಹಾಗಾಗಿ ಎರಡೆರಡು ಅಂಕಿ ತಗೊಂಡು ಒಂದು ಕೂಡಿ ಒಂದು ಕಳೆದೆ.

29 − 58 + 32 − 12 + 62 − 25 = 28.
89 − 68 + 97 − 99 + 40 − 22 = 37.

ಎರಡಕ್ಕೂ ಹೋಗಲಿಲ್ಲ. 103 ಯಾರು ಮಾಡುತ್ತೀರಿ?

ಹಳೇ ಲೆಜರ್

103 ನನಗೆ ಬಿಡಿ. 107 ಕೂಡ.